ಸೇವಕಿಯ ನೆನಪಿನಲ್ಲಿ ಉಳಿದ ಗೀತೆಗಳು

ವೇಲ್ಸ್ ದೇಶದ ಪೊವಿಸ್ ಪ್ರಾಂತದ ಉತ್ತರ ಭಾಗದಲ್ಲಿ, ಹಿಂದೆ ಮಾಂಟ್‌ಗಾಮರಿ ಜಿಲ್ಲೆಗೆ ಸೇರಿದ್ದ ಗುಡ್ಡಗಾಡಿನ ನಡುವೆ, ಲಾನ್‌ವಿಹಾಂಗೆಲ್ ಅಂಗ್ ಗ್ವಿನ್ವ ಎಂಬ ಚಿಕ್ಕ ಗ್ರಾಮವಿದೆ. ವೇಲ್ಸ್ ಭಾಷೆಯಲ್ಲಿ ‘ಲಾನ್’ ಎಂದರೆ ದೇವಾಲಯ ಹಾಗೂ ಅದನ್ನು ಸುತ್ತುವರಿದ ಪವಿತ್ರ ಆವರಣ. ‘ಮಿಹಾಂಗೆಲ್’ ಎಂದರೆ ಪ್ರಧಾನದೂತನಾದ ಮಿಕಾಯೇಲ. ಮಿಕಾಯೇಲನ ಹೆಸರಿನ ಇಂಥ ಊರುಗಳು ಆ ದೇಶದಲ್ಲಿ ಅನೇಕ ಇರುವುದರಿಂದ, ಗುರುತಿಗಾಗಿ ‘ಗ್ವಿನ್ವದಲ್ಲಿರುವ’ ಎಂಬ ಮಾತು ಈ ಊರಿನ ಹೆಸರಿಗೆ ಸೇರಿಕೊಂಡಿದೆ. ಊರು ಚಿಕ್ಕದಾದರೂ ಅದರ ಪ್ಯಾರಿಷ್ ವಿಶಾಲವಾದುದು. ಕುರಿ ಸಾಕುವ ಒಕ್ಕಲುಮನೆಗಳು ಬೆಟ್ಟದ ಇಳಿಜಾರುಗಳಲ್ಲಿ ಒಂದರಿಂದೊಂದು ದೂರವಾಗಿ ಹರಡಿಕೊಂಡಿವೆ.

ಈ ಪ್ಯಾರಿಷ್‌ನ ಹೆಸರನ್ನು ಲೋಕಕ್ಕೆ ತಿಳಿಸಿದವರು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ ಒಬ್ಬ ರೈತ ಮಹಿಳೆ. ವೇಲ್ಸ್ ಭಾಷೆಯ ಶ್ರೇಷ್ಠ ಭಕ್ತಿಕವಿಗಳಲ್ಲಿ ಒಬ್ಬರೆಂದು ಎಣಿಸಲಾಗುವ ಆ್ಯನ್ ಗ್ರಿಫಿತ್ಸ್ ಅವರೇ ಆಕೆ. ಆಕೆಯನ್ನು ಅರಸಿಕೊಂಡು ಇಲ್ಲಿಗೆ ಬರುವ ಯಾತ್ರಿಕರಿಗೆ ಮೊದಲು ಎದುರಾಗುವುದು ಒಂದು ವಿಚಿತ್ರ ಸಂಗತಿ. ಆಕೆ ದೀಕ್ಷಾಸ್ನಾನ ಪಡೆದ ಹಳೆಯ ದೇವಾಲಯ ಇಂದು ಉಳಿದಿಲ್ಲ. ಈಗಿನ ಕಟ್ಟಡವನ್ನು 1862-63ರಲ್ಲಿ ಹೊಸದಾಗಿ ಕಟ್ಟಲಾಯಿತು. ದೇವಾಲಯದ ಅಂಗಳದಲ್ಲಿ ಆಕೆಯ ಸ್ಮರಣೆಗಾಗಿ ನಿಂತಿರುವ ಕೆಂಪು ಗ್ರಾನೈಟ್ ಸ್ತಂಭವು ಆಕೆ ತೀರಿಕೊಂಡು ಸುಮಾರು ಅರವತ್ತು ವರ್ಷಗಳಾದ ಮೇಲೆ, 1864ರಲ್ಲಿ ಸ್ಥಾಪಿತವಾಯಿತು. ಆಕೆ ಹುಟ್ಟಿ, ಬಾಳಿ, ಮಡಿದ ಡೋಲ್ವಾರ್ ವಾಖ್ ಎಂಬ ಒಕ್ಕಲುಮನೆಯೂ ಆ ಕಾಲದ ಮನೆಯಲ್ಲ. ಅದೇ ನೆಲದಲ್ಲಿ ನಂತರದವರು ಕಟ್ಟಿದ ಮನೆ. ಹಾಗಾದರೆ ಆಕೆಯ ಗೀತೆಗಳು ನಮ್ಮ ಕಾಲದವರೆಗೆ ಹೇಗೆ ಉಳಿದುಬಂದವು? ಈ ಪ್ರಶ್ನೆಯೇ ಆ ಪ್ಯಾರಿಷ್‌ನ ಚರಿತ್ರೆಯ ತಿರುಳಾಗಿದೆ.

ಆ್ಯನ್ 1776ರಲ್ಲಿ ಜನಿಸಿದರು. ತಂದೆ ಜಾನ್ ಇವಾನ್ ಥಾಮಸ್ ಗೇಣಿಗೆ ಜಮೀನು ಮಾಡುತ್ತಿದ್ದ ರೈತರು, ಪದ್ಯ ಕಟ್ಟುವ ಹಳ್ಳಿಯ ಕವಿ, ಪ್ಯಾರಿಷ್ ದೇವಾಲಯಕ್ಕೆ ನಿಷ್ಠರಾದವರು. ಮನೆಯಲ್ಲಿ ಪ್ರಾರ್ಥನಾ ಪುಸ್ತಕದ ಕ್ರಮದಂತೆ ಆರಾಧನೆ ನಡೆಯುತ್ತಿತ್ತು. ಆ ಮನೆಯ ನಾಯಿ ಭಾನುವಾರಗಳಂದು ದೇವಾಲಯಕ್ಕೆ ಹೋಗುವುದನ್ನು ಎಷ್ಟು ರೂಢಿ ಮಾಡಿಕೊಂಡಿತ್ತೆಂದರೆ, ಮನೆಯವರು ಹೋಗದ ದಿನವೂ ತಾನೊಂದೇ ಹೋಗಿ ಅವರ ಆಸನದ ಕೆಳಗೆ ಮಲಗಿ ಬರುತ್ತಿತ್ತೆಂಬ ಪ್ರತೀತಿ ಇದೆ. 1794ರಲ್ಲಿ ತಾಯಿ ತೀರಿಕೊಂಡಾಗ ಹದಿಹರೆಯದ ಆ್ಯನ್ ಮೇಲೆ ಮನೆವಾರ್ತೆಯ ಹೊಣೆ ಬಿತ್ತು.

ನೃತ್ಯ, ವಿನೋದಗಳಲ್ಲಿ ಆಸಕ್ತರಾಗಿದ್ದ ಆಕೆ 1796ರಲ್ಲಿ ನೆರೆಯ ಲಾನ್‌ವಲ್ಲಿನ್ ಪಟ್ಟಣದಲ್ಲಿ ಕೇಳಿದ ಒಂದು ಪ್ರಸಂಗದಿಂದ ಮನಕರಗಿ, ಮರುವರ್ಷ ಪಾಂಟ್‌ರಾಬರ್ಟ್ ಹಳ್ಳಿಯ ಮೆಥೊಡಿಸ್ಟ್ ಸಂಘವನ್ನು ಸೇರಿದರು. ಅಂದಿನ ವೇಲ್ಸ್ ಮೆಥೊಡಿಸ್ಟರು ಇನ್ನೂ ಪ್ರತ್ಯೇಕ ಸಭೆಯಾಗಿರಲಿಲ್ಲ. ಅವರು ತಮ್ಮದೇ ಬೋಧಕರನ್ನು ಅಭಿಷೇಕಿಸಿದ್ದು 1811ರಲ್ಲಿ. ಅಲ್ಲಿಯವರೆಗೆ ಕರ್ತನ ಭೋಜನಕ್ಕೆ ಆಂಗ್ಲಿಕನ್ ಸಭೆಯಲ್ಲಿ ಅಭಿಷೇಕ ಹೊಂದಿದ ಗುರುಗಳೇ ಬೇಕಾಗಿತ್ತು. ಅಂಥವರಾದ ರೆವರೆಂಡ್ ಥಾಮಸ್ ಚಾರ್ಲ್ಸ್ ಅವರ ಕೈಯಿಂದ ಭೋಜನ ಪಡೆಯಲು ಆ್ಯನ್ ಮತ್ತು ಸಂಗಡಿಗರು ಬರ್ವಿನ್ ಬೆಟ್ಟಸಾಲನ್ನು ದಾಟಿ, 20 ಮೈಲಿಗೂ ಮೀರಿದ ದಾರಿಯನ್ನು ಕ್ರಮಿಸಿ ಬಾಲ ಪಟ್ಟಣಕ್ಕೆ ಹೋಗುತ್ತಿದ್ದರು.

ಡೋಲ್ವಾರ್ ವಾಖ್ ಮನೆಯಲ್ಲಿ ರೂತ್ ಇವಾನ್ಸ್ ಎಂಬ ಸೇವಕಿ ಇದ್ದರು. ಒಡತಿಯೂ ಸೇವಕಿಯೂ ಒಂದೇ ಸಂಘದ ಸದಸ್ಯರು. ಆ್ಯನ್ ಮನದಲ್ಲಿ ಮೂಡಿದ ಪದ್ಯಗಳನ್ನು ರೂತ್ ಮುಂದೆ ಹೇಳುತ್ತಿದ್ದರು. ರೂತ್ ಅವನ್ನು ಹಾಡಿ ಕಂಠಪಾಠ ಮಾಡಿಕೊಳ್ಳುತ್ತಿದ್ದರು. ತನ್ನ ಗೀತೆಗಳು ಅಚ್ಚಾಗಬೇಕೆಂಬ ಆಸೆ ಆ್ಯನ್‌ಗೆ ಇರಲಿಲ್ಲ. 1804ರಲ್ಲಿ ತಂದೆ ತೀರಿಕೊಂಡರು. ಅದೇ ಅಕ್ಟೋಬರಿನಲ್ಲಿ ಆಕೆ ಥಾಮಸ್ ಗ್ರಿಫಿತ್ಸ್ ಎಂಬುವರನ್ನು ವಿವಾಹವಾದರು. 1805ರ ಜುಲೈನಲ್ಲಿ ಹುಟ್ಟಿದ ಹೆಣ್ಣುಮಗು ಎರಡೇ ವಾರಗಳಲ್ಲಿ ತೀರಿಕೊಂಡಿತು. ಅದೇ ಆಗಸ್ಟಿನಲ್ಲಿ ತಾಯಿಯನ್ನೂ ಲಾನ್‌ವಿಹಾಂಗೆಲ್‌ನ ಮಣ್ಣಿಗೆ ಒಪ್ಪಿಸಲಾಯಿತು. ಆಕೆಯದೇ ಕೈಬರಹದಲ್ಲಿ ಇಂದು ಉಳಿದಿರುವುದು ಒಂದೇ ಒಂದು ಪತ್ರ, ಅದರಲ್ಲಿ ಒಂದೇ ಒಂದು ಪದ್ಯ.

ಉಳಿದೆಲ್ಲವೂ ರೂತ್ ಅವರ ನೆನಪಿನಲ್ಲಿತ್ತು. ನೇಯ್ಗೆಯ ಕಸುಬಿನಿಂದ ಬಂದು ಶಾಲಾ ಉಪಾಧ್ಯಾಯರಾಗಿ, ಬೋಧಕರಾಗಿ ಬೆಳೆದ ಜಾನ್ ಹ್ಯೂಸ್ ಅವರನ್ನು ರೂತ್ 1805ರಲ್ಲಿ ವಿವಾಹವಾಗಿದ್ದರು. ಆ್ಯನ್ ಮರಣದ ನಂತರ ಪತ್ನಿ ಒಂದೊಂದಾಗಿ ಹೇಳಿದ ಗೀತೆಗಳನ್ನು ಪತಿ ಬರೆದುಕೊಂಡರು. ಹೀಗೆ ಸುಮಾರು ಎಪ್ಪತ್ತು ಪದ್ಯಗಳು ನಾಶವಾಗದೆ ಉಳಿದವು. ಥಾಮಸ್ ಚಾರ್ಲ್ಸ್ ಅವರ ಪ್ರೇರಣೆಯಿಂದ 1806ರಲ್ಲಿ ಅವು ಬಾಲದಲ್ಲಿ ಅಚ್ಚಾದಾಗ, ಸಂಪಾದಕರು ಸಭೆಯಲ್ಲಿ ಹಾಡಲು ಅನುಕೂಲವಾಗುವಂತೆ ಅಲ್ಲಲ್ಲಿ ಮಾತುಗಳನ್ನು ತಿದ್ದಿದರು. ಆದರೆ ಹ್ಯೂಸ್ ಅವರ ಕೈಬರಹದ ಪುಸ್ತಕಗಳು ಉಳಿದಿದ್ದವು. ಅವುಗಳ ಆಧಾರದಿಂದ 1905ರಲ್ಲಿ ಓ. ಎಂ. ಎಡ್ವರ್ಡ್ಸ್ ಆ ಗೀತೆಗಳನ್ನು ಪ್ರಕಟಿಸಿದಾಗ, ವಿದ್ಯಾವಂತರ ತಿದ್ದುಪಡಿಗಿಂತ ಸೇವಕಿಯ ಕಂಠದಿಂದ ಬಂದ ಪಾಠವೇ ಹೆಚ್ಚು ಸತ್ವಯುತವಾದುದೆಂದು ಓದುಗರು ಕಂಡುಕೊಂಡರು. ಜೆಕರ್ಯನ ದರ್ಶನದಲ್ಲಿ ಗಿಡಗಳ ನಡುವೆ ನಿಂತ ಪುರುಷನಲ್ಲಿ ಕ್ರಿಸ್ತನನ್ನು ಕಾಣುವ ಆಕೆಯ ಗೀತೆಯನ್ನು ವೇಲ್ಸ್ ಜನ ಇಂದಿಗೂ ಹಾಡುತ್ತಾರೆ. 2003ರಲ್ಲಿ ವೇಲ್ಸ್‌ನವರೇ ಆದ ರೋವನ್ ವಿಲಿಯಮ್ಸ್ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಪೀಠವನ್ನೇರಿದಾಗ, ಅವರೇ ಇಂಗ್ಲಿಷಿಗೆ ಅನುವಾದಿಸಿದ ಆ್ಯನ್ ಅವರ ಗೀತೆಯೊಂದನ್ನು ಆ ಆರಾಧನೆಯಲ್ಲಿ ಹಾಡಲಾಯಿತು.

ಡೋಲ್ವಾರ್‌ನಿಂದ ವಿರ್ನ್ವಿ ನದಿಯ ಕಣಿವೆಯಲ್ಲಿ ಕೆಳಗಿಳಿದರೆ ಪಾಂಟ್‌ರಾಬರ್ಟ್‌ನ ಹಳೆಯ ಪ್ರಾರ್ಥನಾಮಂದಿರ ಸಿಗುತ್ತದೆ. 1800ರಲ್ಲಿ ಕಟ್ಟಿದ ಈ ಸರಳ ಕಟ್ಟಡದಲ್ಲಿ ಆ್ಯನ್ ಆರಾಧಿಸಿದ್ದರು. ಅದಕ್ಕೆ ಅಂಟಿಕೊಂಡಿರುವ ಪುಟ್ಟ ಮನೆಯಲ್ಲಿ ರೂತ್ ಮತ್ತು ಜಾನ್ ಹ್ಯೂಸ್ ಸಂಸಾರ ನಡೆಸಿದರು; ಹ್ಯೂಸ್ 1854ರಲ್ಲಿ ತೀರಿಕೊಳ್ಳುವವರೆಗೂ ಪಾಂಟ್‌ರಾಬರ್ಟ್ ಅವರ ಊರಾಗಿತ್ತು. ಪಾಳುಬಿದ್ದಿದ್ದ ಈ ಮಂದಿರವನ್ನು ಜೀರ್ಣೋದ್ಧಾರ ಮಾಡಿ, 1995ರಲ್ಲಿ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥಿಸುವ ಸ್ಥಳವಾಗಿ ಮತ್ತೆ ತೆರೆಯಲಾಯಿತು. ದೊಡ್ಡ ದೇವಾಲಯವೂ ಒಡತಿಯ ಮನೆಯೂ ಕಾಲಗರ್ಭ ಸೇರಿದರೂ ಸೇವಕಿಯ ಮನೆ ಉಳಿದುಕೊಂಡಿದೆ.

ಇದೇ ಪ್ಯಾರಿಷ್‌ನಲ್ಲಿ ಜನಿಸಿದ ಜಾನ್ ಡೇವಿಸ್ ಎಂಬ ಉಪಾಧ್ಯಾಯರು, ಹ್ಯೂಸ್ ಅವರ ಆಪ್ತ ಸ್ನೇಹಿತರು, ಲಂಡನ್ ಮಿಷನ್‌ನ ಸೇವಕರಾಗಿ 1801ರಲ್ಲಿ ಪೆಸಿಫಿಕ್ ಸಾಗರದ ಟಹೀಟಿ ದ್ವೀಪವನ್ನು ತಲುಪಿದರು. ಅಲ್ಲಿಯ ಭಾಷೆಗೆ ನಿಘಂಟು ರಚಿಸಿ, 1855ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು. ಬಳ್ಳಾರಿಗೆ 1810ರಲ್ಲಿ ಬಂದು ಸತ್ಯವೇದದ ಕನ್ನಡ ಭಾಷಾಂತರಕ್ಕೆ ಕೈಹಾಕಿದ ಜಾನ್ ಹ್ಯಾಂಡ್ಸ್ ಅವರನ್ನು ಕಳುಹಿಸಿದ್ದೂ ಇದೇ ಮಿಷನ್ ಎಂಬುದನ್ನು ಕನ್ನಡದ ಓದುಗರು ನೆನೆಯಬಹುದು.

ಹಳೆಯ ದೇವಾಲಯಗಳನ್ನು ಕಾಪಾಡುವುದು ಸಭೆಯ ಕರ್ತವ್ಯವೇ ಸರಿ. ಆದರೆ ಸಭೆಯ ಸ್ವತ್ತೆಲ್ಲವೂ ದಾಖಲೆ ಪುಸ್ತಕದಲ್ಲಿ ಬರೆದಿರುವುದಿಲ್ಲ. ಪೀಠದಿಂದ ದೂರ, ಹಿಂದಿನ ಸಾಲಿನಲ್ಲಿ ಕುಳಿತು, ಪುಸ್ತಕ ತೆರೆಯದೆ ಹಾಡುವ ವೃದ್ಧೆಯರ ನಾಲಿಗೆಯ ಮೇಲೆ ಅದರ ಬಹುಭಾಗ ಇರುತ್ತದೆ. ಲಾನ್‌ವಿಹಾಂಗೆಲ್‌ನಲ್ಲಿ ರೂತ್ ನೆನಪಿಟ್ಟುಕೊಂಡರು. ಆಕೆಯ ಮಾತಿಗೆ ಬೆಲೆಕೊಟ್ಟು ಬರೆದುಕೊಳ್ಳುವ ಕೈ ಮನೆಯಲ್ಲೇ ಇತ್ತು. ಅವರಲ್ಲಿ ಒಬ್ಬರು ಇಲ್ಲದಿದ್ದರೂ ಆ ಗೀತೆಗಳು ಮೂವತ್ತು ವರ್ಷ ತುಂಬದ ಆ ತಾಯಿಯೊಡನೆ ಮಣ್ಣಾಗುತ್ತಿದ್ದವು. ನಮ್ಮ ಸಭೆಗಳ ಹಿರಿಯರು ಬಲ್ಲ ಗೀತೆಗಳನ್ನೂ ಸಾಕ್ಷಿಗಳನ್ನೂ ಅವರು ನಮ್ಮೊಡನಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳೋಣ.