ರಾಷ್ಟ್ರಪತಿ ಚುನಾವಣೆ: ದಾವಣಗೆರೆ, ಹರಿಹರದ ಮತಕ್ಕೆ ಎಷ್ಟು ಬೆಲೆ?

ರಾಷ್ಟ್ರಪತಿ ಚುನಾವಣೆ ಘೋಷಣೆಯಾದೊಡನೆ ಎರಡು ಪ್ರಶ್ನೆಗಳು ಜನರ ನಡುವೆ ಚರ್ಚೆಗೆ ಬರುತ್ತವೆ. ಅಭ್ಯರ್ಥಿಗೆ ಆಡಳಿತದ ಅನುಭವ ಎಷ್ಟಿದೆ ಎಂಬುದು ಮೊದಲನೆಯದು. ವಿದೇಶ ವ್ಯವಹಾರಗಳಲ್ಲಿ ಅವರ ನಿಲುವೇನು ಎಂಬುದು ಎರಡನೆಯದು. ದಾವಣಗೆರೆಯ ಬೆಣ್ಣೆದೋಸೆ ಹೋಟೆಲುಗಳಲ್ಲಾಗಲಿ, ಹರಿಹರದ ಬಸ್ ನಿಲ್ದಾಣದಲ್ಲಾಗಲಿ ವಾದ ಮಾಡುವವರಿಗೆ ಈ ಚುನಾವಣೆಯಲ್ಲಿ ನೇರ ಮತವಿಲ್ಲ. ಆದರೂ ಅವರ ಮತಕ್ಕೆ ಒಂದು ಬೆಲೆ ಇದೆ. ಆ ಬೆಲೆ ನಿಗದಿಯಾಗುವ ಬಗೆ, ಅನುಭವದ ವಾದಕ್ಕೆ ಇರುವ ಆಧಾರ ಹಾಗೂ ಈ ಸೀಮೆಗೂ ರಾಷ್ಟ್ರಪತಿ ಚುನಾವಣೆಗಳಿಗೂ ಇರುವ ನಂಟಿನ ಪರಿಚಯ ಇಲ್ಲಿದೆ.

ಮತ ಯಾರದು?

ಸಂವಿಧಾನದ 54ನೇ ವಿಧಿಯ ಪ್ರಕಾರ ಸಂಸತ್ತಿನ ಉಭಯ ಸದನಗಳ ಚುನಾಯಿತ ಸದಸ್ಯರು ಮತ್ತು ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು ಸೇರಿ ರಾಷ್ಟ್ರಪತಿಯನ್ನು ಆರಿಸುತ್ತಾರೆ. 1992ರ 70ನೇ ತಿದ್ದುಪಡಿಯ ಮೂಲಕ ದೆಹಲಿ ಮತ್ತು ಪುದುಚೇರಿ ವಿಧಾನಸಭೆಗಳಿಗೂ ಈ ಹಕ್ಕು ದೊರೆಯಿತು. ನಾಮಕರಣಗೊಂಡ ಸದಸ್ಯರಿಗೆ ಮತವಿಲ್ಲ; ವಿಧಾನ ಪರಿಷತ್ತಿನ ಸದಸ್ಯರಿಗೂ ಇಲ್ಲ. ಆದ್ದರಿಂದ ಕರ್ನಾಟಕದ ಪಾಲಿಗೆ ಇರುವವರು 224 ಶಾಸಕರು, 28 ಲೋಕಸಭಾ ಸದಸ್ಯರು ಮತ್ತು 12 ರಾಜ್ಯಸಭಾ ಸದಸ್ಯರು. ಉಪರಾಷ್ಟ್ರಪತಿ ಚುನಾವಣೆಯ ನಿಯಮ ಬೇರೆ. ಅಲ್ಲಿ ಸಂಸತ್ ಸದಸ್ಯರು ಮಾತ್ರ ಮತದಾರರು, ಶಾಸಕರಿಗೆ ಪಾತ್ರವೇ ಇಲ್ಲ.

ಶಾಸಕರು ವಿಧಾನಸೌಧದಲ್ಲಿ ಗುಲಾಬಿ ಬಣ್ಣದ ಮತಪತ್ರದಲ್ಲಿಯೂ, ಸಂಸದರು ಹಸಿರು ಮತಪತ್ರದಲ್ಲಿಯೂ ಮತ ನೀಡುತ್ತಾರೆ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಗುರುತಿಸಬೇಕು. ಮತದಾನ ರಹಸ್ಯವಾದುದು. ಪಕ್ಷಗಳು ವಿಪ್ ಜಾರಿ ಮಾಡುವಂತಿಲ್ಲ. ಯಾವ ಶಾಸಕ ಯಾರಿಗೆ ಮತ ನೀಡಿದರೆಂಬುದು ಅಧಿಕೃತವಾಗಿ ಎಂದಿಗೂ ಹೊರಬರುವುದಿಲ್ಲ.

131ರ ಲೆಕ್ಕ

ಈ ಚುನಾವಣೆಯಲ್ಲಿ ಎಲ್ಲ ಶಾಸಕರ ಮತ ಸಮಾನವಲ್ಲ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದ ಮೊತ್ತವನ್ನು ಪುನಃ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತಮೌಲ್ಯ ದೊರೆಯುತ್ತದೆ. ಇದಕ್ಕೆ ಬಳಸುವುದು 1971ರ ಜನಗಣತಿಯ ಅಂಕಿ. ಆಗ ಕರ್ನಾಟಕದ ಜನಸಂಖ್ಯೆ 2,92,99,014. ಅದನ್ನು 224ರಿಂದ, ಬಳಿಕ ಸಾವಿರದಿಂದ ಭಾಗಿಸಿದಾಗ ಬರುವುದು 130.8. ಅರ್ಧಕ್ಕಿಂತ ಹೆಚ್ಚಿನ ಶೇಷವನ್ನು ಒಂದಾಗಿ ಪರಿಗಣಿಸುವುದರಿಂದ ಮೌಲ್ಯ 131 ಆಗುತ್ತದೆ. ಉತ್ತರ ಪ್ರದೇಶದ ಶಾಸಕರ ಮತಕ್ಕೆ 208, ಸಿಕ್ಕಿಂ ಶಾಸಕರ ಮತಕ್ಕೆ 7 ಮೌಲ್ಯವಿದೆ.

ಎಲ್ಲ ಶಾಸಕರ ಒಟ್ಟು ಮೌಲ್ಯವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿ ಸಂಸದರ ಮತಮೌಲ್ಯ ನಿರ್ಧರಿಸುತ್ತಾರೆ. 2017ರಲ್ಲಿ ಅದು 708 ಇತ್ತು. 2022ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ವಿಧಾನಸಭೆ ಇಲ್ಲದ ಕಾರಣ 700ಕ್ಕೆ ಇಳಿಯಿತು.

ಈ ಲೆಕ್ಕವನ್ನು ದಾವಣಗೆರೆಗೆ ಅನ್ವಯಿಸಬಹುದು. ದಾವಣಗೆರೆ ಉತ್ತರ, ದಾವಣಗೆರೆ ದಕ್ಷಿಣ ಮತ್ತು ಹರಿಹರ ಈ ಮೂರು ಕ್ಷೇತ್ರಗಳ ಒಟ್ಟು ಮೌಲ್ಯ 393. ಮಾಯಕೊಂಡ, ಚನ್ನಗಿರಿ, ಹೊನ್ನಾಳಿ, ಜಗಳೂರು, ಹರಪನಹಳ್ಳಿಗಳನ್ನೂ ಕೂಡಿಸಿದರೆ ದಾವಣಗೆರೆ ಲೋಕಸಭಾ ಕ್ಷೇತ್ರದ ಎಂಟು ಶಾಸಕರಿಗೆ 1,048. ಸಂಸದರ 700 ಸೇರಿಸಿದಾಗ 2022ರಲ್ಲಿ ಆದ ಮೊತ್ತ 1,748. ಆ ವರ್ಷ ದೇಶದ ಒಟ್ಟು ಮತಮೌಲ್ಯ 10,86,431. ಅಂದರೆ ಸಾವಿರಕ್ಕೆ ಒಂದೂವರೆ ಪಾಲಿಗಿಂತ ತುಸು ಹೆಚ್ಚು.

ಅನುಭವ: ಸಂವಿಧಾನ ಏನು ಕೇಳುತ್ತದೆ?

ಅಭ್ಯರ್ಥಿ ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇರಬೇಕು, ಲಾಭದಾಯಕ ಹುದ್ದೆಯಲ್ಲಿರಬಾರದು. 58ನೇ ವಿಧಿ ಕೇಳುವುದು ಇಷ್ಟನ್ನೇ. ಕಾನೂನಿನ ಪ್ರಕಾರ 50 ಸೂಚಕರು, 50 ಅನುಮೋದಕರು ಹಾಗೂ 15,000 ರೂಪಾಯಿ ಠೇವಣಿ ಬೇಕು. ಆಡಳಿತದ ಅಥವಾ ರಾಜತಾಂತ್ರಿಕ ಅನುಭವದ ಮಾತು ಎಲ್ಲಿಯೂ ಇಲ್ಲ.

ವಿದೇಶಾಂಗ ನೀತಿಯ ಪ್ರಶ್ನೆಗೆ ಉತ್ತರ ಇನ್ನೂ ಸ್ಪಷ್ಟ. ಕಾರ್ಯಾಂಗದ ಅಧಿಕಾರ ರಾಷ್ಟ್ರಪತಿಯ ಹೆಸರಿನಲ್ಲಿದೆ. ರಾಯಭಾರಿಗಳ ನೇಮಕ ಅವರ ಹೆಸರಿನಲ್ಲೇ ನಡೆಯುತ್ತದೆ. ವಿದೇಶಿ ರಾಯಭಾರಿಗಳು ತಮ್ಮ ಅಧಿಕಾರಪತ್ರಗಳನ್ನು ಅವರಿಗೇ ಸಲ್ಲಿಸುತ್ತಾರೆ. ರಕ್ಷಣಾ ಪಡೆಗಳ ಸರ್ವೋಚ್ಚ ದಂಡನಾಯಕತ್ವವೂ ಅವರದೇ. ಆದರೆ 74ನೇ ವಿಧಿಯಂತೆ ಇದೆಲ್ಲವೂ ಮಂತ್ರಿಮಂಡಲದ ಸಲಹೆಗೆ ಬದ್ಧ. 1978ರ 44ನೇ ತಿದ್ದುಪಡಿಯ ಪ್ರಕಾರ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸಬಹುದು; ಮತ್ತೆ ಅದೇ ಸಲಹೆ ಬಂದರೆ ಒಪ್ಪಲೇಬೇಕು. ಅಮೆರಿಕದಲ್ಲಿ ಅಧ್ಯಕ್ಷರೇ ಕಾರ್ಯಾಂಗದ ಮುಖ್ಯಸ್ಥರಾದ್ದರಿಂದ ಯುದ್ಧ, ಶಾಂತಿ, ಒಪ್ಪಂದಗಳ ಬಗೆಗೆ ಅಭ್ಯರ್ಥಿಯ ನಿಲುವು ನಿರ್ಣಾಯಕ. ಅಲ್ಲಿಯ ಪ್ರಚಾರದ ಸುದ್ದಿ ಓದಿದವರು ಅದೇ ಅಳತೆಗೋಲನ್ನು ಇಲ್ಲಿಗೂ ತರುವುದರಿಂದ ಗೊಂದಲ ಹುಟ್ಟುತ್ತದೆ.

ಹಾಗಾದರೆ ಅನುಭವ ನಿರರ್ಥಕವೇ? ಅಲ್ಲ. ಯಾರಿಗೂ ಬಹುಮತವಿಲ್ಲದ ಲೋಕಸಭೆ ಬಂದಾಗ ಯಾರನ್ನು ಸರ್ಕಾರ ರಚನೆಗೆ ಕರೆಯಬೇಕು, ಮಸೂದೆಯೊಂದನ್ನು ಹಿಂದಕ್ಕೆ ಕಳುಹಿಸಬೇಕೇ, ರಾಜ್ಯ ಸರ್ಕಾರವೊಂದರ ವಜಾಕ್ಕೆ ಕೂಡಲೇ ಸಹಿ ಹಾಕಬೇಕೇ ಎಂಬ ಗಳಿಗೆಗಳಲ್ಲಿ ಅದು ಕೆಲಸಕ್ಕೆ ಬರುತ್ತದೆ. ಚೀನಾ ಮತ್ತು ಅಮೆರಿಕಗಳಲ್ಲಿ ರಾಯಭಾರಿಯಾಗಿದ್ದ ಕೆ.ಆರ್. ನಾರಾಯಣನ್ ಅವರು 1997ರಲ್ಲಿ ಉತ್ತರ ಪ್ರದೇಶಕ್ಕೆ, 1998ರಲ್ಲಿ ಬಿಹಾರಕ್ಕೆ ಸಂಬಂಧಿಸಿದ ರಾಷ್ಟ್ರಪತಿ ಆಳ್ವಿಕೆಯ ಶಿಫಾರಸುಗಳನ್ನು ಮರಳಿಸಿದರು. ವಿಜ್ಞಾನಿಯಾಗಿದ್ದ, ಚುನಾವಣಾ ರಾಜಕೀಯದಿಂದ ಬಾರದ ಎ.ಪಿ.ಜೆ. ಅಬ್ದುಲ್ ಕಲಾಂ 2006ರಲ್ಲಿ ಲಾಭದಾಯಕ ಹುದ್ದೆ ಮಸೂದೆಯನ್ನು ಹಿಂದಿರುಗಿಸಿದರು. ಇಬ್ಬರ ಹಿನ್ನೆಲೆ ಬೇರೆ ಬೇರೆ, ಪ್ರಶ್ನಿಸುವ ಧೈರ್ಯ ಒಂದೇ.

1969: ಜಿಲ್ಲೆಯ ನಾಯಕ, ದೇಶದ ಕದನ

ರಾಷ್ಟ್ರಪತಿ ಚುನಾವಣೆ ದೇಶದ ರಾಜಕಾರಣವನ್ನೇ ಅಡಿಮೇಲು ಮಾಡಿದ ಸಂದರ್ಭದಲ್ಲಿ ಈ ಸೀಮೆಯ ನಾಯಕರೊಬ್ಬರು ಕೇಂದ್ರಸ್ಥಾನದಲ್ಲಿದ್ದರು. ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ ಜನಿಸಿ, ದಾವಣಗೆರೆಯ ಶಾಲೆಯಲ್ಲಿ ಓದಿ, ಚಿತ್ರದುರ್ಗವನ್ನು ಕರ್ಮಭೂಮಿಯಾಗಿಸಿಕೊಂಡ ಎಸ್. ನಿಜಲಿಂಗಪ್ಪ ಆಗ ಕಾಂಗ್ರೆಸ್ ಅಧ್ಯಕ್ಷರು. ದಾವಣಗೆರೆ, ಹರಿಹರಗಳು ಆಗ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದವು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ನಿಧನರಾದರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ನಾಯಕತ್ವ ನೀಲಂ ಸಂಜೀವ ರೆಡ್ಡಿ ಅವರನ್ನು ಅಧಿಕೃತ ಅಭ್ಯರ್ಥಿಯನ್ನಾಗಿ ಆರಿಸಿತು. ಸಿಲೋನಿನಲ್ಲಿ ಹೈಕಮಿಷನರ್ ಹಾಗೂ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಸ್ವತಂತ್ರರಾಗಿ ಕಣಕ್ಕಿಳಿದರು. ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲ ಸಿ.ಡಿ. ದೇಶಮುಖ್ ಅವರಿಗಿತ್ತು. ಆ ಪಕ್ಷಗಳ ಎರಡನೇ ಪ್ರಾಶಸ್ತ್ಯದ ಮತ ರೆಡ್ಡಿ ಅವರಿಗೆ ಬರಲೆಂದು ನಿಜಲಿಂಗಪ್ಪ ಮಾತುಕತೆ ನಡೆಸಿದ್ದೇ ಪ್ರಧಾನಿ ಇಂದಿರಾ ಗಾಂಧಿ ಅವರ ಬಣಕ್ಕೆ ಅಸ್ತ್ರವಾಯಿತು. ಇಂದಿರಾ ಬೆಂಬಲಿಗರು ಆತ್ಮಸಾಕ್ಷಿಯ ಮತಕ್ಕೆ ಕರೆ ನೀಡಿದರು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಸುತ್ತಿನಲ್ಲಿ ಗಿರಿ ಅವರಿಗೆ 4,01,515, ರೆಡ್ಡಿ ಅವರಿಗೆ 3,13,548, ದೇಶಮುಖ್ ಅವರಿಗೆ 1,12,769. ಯಾರೂ ಗೆಲುವಿನ ಗಡಿ ಮುಟ್ಟಲಿಲ್ಲ. ಎರಡನೇ ಪ್ರಾಶಸ್ತ್ಯದ ಎಣಿಕೆಯ ನಂತರ ಗಿರಿ 4,20,077, ರೆಡ್ಡಿ 4,05,427. ಭಾರತದ ರಾಷ್ಟ್ರಪತಿಯ ಆಯ್ಕೆ ಎರಡನೇ ಪ್ರಾಶಸ್ತ್ಯದ ಮತಗಳಿಂದ ತೀರ್ಮಾನವಾದ ಚುನಾವಣೆಯಿದು. ನವೆಂಬರಿನಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು.

1987: ಗಿರಣಿ ಊರಿನ ಶಾಸಕ

ಹತ್ತಿಗಿರಣಿಗಳ ಊರಾಗಿದ್ದ ದಾವಣಗೆರೆ 1978, 1983 ಮತ್ತು 1985ರಲ್ಲಿ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ ಅವರನ್ನು ವಿಧಾನಸಭೆಗೆ ಕಳುಹಿಸಿತ್ತು. 1987ರ ರಾಷ್ಟ್ರಪತಿ ಚುನಾವಣೆಯಲ್ಲಿ ಎಡಪಕ್ಷಗಳ ಬೆಂಬಲ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿಗಿತ್ತು. ಎದುರಾಳಿ ಆರ್. ವೆಂಕಟರಾಮನ್ ಕೇಂದ್ರದಲ್ಲಿ ಹಣಕಾಸು, ರಕ್ಷಣಾ ಖಾತೆಗಳನ್ನು ನಿರ್ವಹಿಸಿದವರು. ವಿಶ್ವಸಂಸ್ಥೆಯ ಆಡಳಿತ ನ್ಯಾಯಮಂಡಳಿಯ ಅಧ್ಯಕ್ಷರೂ ಆಗಿದ್ದವರು. ಅನುಭವದ ಅಳತೆಯಲ್ಲಿ ಅವರಿಗೆ ಸರಿಸಾಟಿ ಕಡಿಮೆ. 7,40,148 ಮತಮೌಲ್ಯ ಗಳಿಸಿ ಅವರೇ ಗೆದ್ದರು.

ಎರಡು ವರ್ಷಗಳೊಳಗೆ, 1989ರ ಏಪ್ರಿಲ್ 21ರಂದು, ಅವರದೇ ಸಹಿಯ ಘೋಷಣೆಯಿಂದ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು, ಕರ್ನಾಟಕ ವಿಧಾನಸಭೆ ವಿಸರ್ಜನೆಗೊಂಡಿತು. ಅವರ ಆಯ್ಕೆಯಲ್ಲಿ ಪಾಲ್ಗೊಂಡಿದ್ದ ಸಭೆಯೇ ಅವರ ಸಹಿಯಿಂದ ಇಲ್ಲವಾಯಿತು. ಬಹುಮತ ಸಾಬೀತಾಗಬೇಕಾದುದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸ್ಪಷ್ಟಪಡಿಸಿತು. ರಾಷ್ಟ್ರಪತಿಯಾಗುವವರ ವಿದೇಶಾಂಗ ಪರಿಣತಿಗಿಂತ ರಾಜ್ಯಗಳ ಬಗೆಗಿನ ಅವರ ನಿಲುವು ದಾವಣಗೆರೆಯ ಮತದಾರನಿಗೆ ಎಷ್ಟು ಹತ್ತಿರದ್ದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

2012: ಪಕ್ಷ ಮೀರಿದ ಮತ

2012ರಲ್ಲಿ ಎರಡು ಬಾರಿ ವಿದೇಶಾಂಗ ಸಚಿವರಾಗಿದ್ದ ಪ್ರಣವ್ ಮುಖರ್ಜಿ ಹಾಗೂ ಲೋಕಸಭೆಯ ಮಾಜಿ ಸ್ಪೀಕರ್ ಪಿ.ಎ. ಸಂಗ್ಮಾ ಮುಖಾಮುಖಿಯಾದರು. ಬಿಜೆಪಿಯ ಬೆಂಬಲ ಸಂಗ್ಮಾ ಅವರಿಗಿತ್ತು. ಕರ್ನಾಟಕದಲ್ಲಿ ಆಡಳಿತವೂ ಅದೇ ಪಕ್ಷದ್ದು. ಆದರೂ ಇಲ್ಲಿ ಮುಖರ್ಜಿ ಅವರಿಗೆ 117, ಸಂಗ್ಮಾ ಅವರಿಗೆ 103 ಮತಗಳು ಬಂದವು. ಅಡ್ಡಮತದಾನ ನಡೆದುದು ಸ್ಪಷ್ಟವಾಯಿತು. ಅಭ್ಯರ್ಥಿಯ ಅನುಭವಕ್ಕೆ ಸಂದ ಗೌರವ ಎಷ್ಟು, ಆಡಳಿತ ಪಕ್ಷದೊಳಗಿನ ಭಿನ್ನಮತ ಎಷ್ಟು ಎಂಬುದನ್ನು ರಹಸ್ಯ ಮತದಾನ ಹೇಳುವುದಿಲ್ಲ.

2022: ಅನುಭವವೋ ಪ್ರಾತಿನಿಧ್ಯವೋ?

ಈ ಚರ್ಚೆ ಅತ್ಯಂತ ತೀಕ್ಷ್ಣವಾಗಿ ಎದುರಾದುದು 2022ರಲ್ಲಿ. ಯಶವಂತ ಸಿನ್ಹಾ ಐಎಎಸ್ ಅಧಿಕಾರಿಯಾಗಿದ್ದವರು, ಹಣಕಾಸು ಸಚಿವರಾಗಿದ್ದವರು, 2002ರಿಂದ 2004ರವರೆಗೆ ವಿದೇಶಾಂಗ ಸಚಿವರೂ ಆಗಿದ್ದವರು. ದ್ರೌಪದಿ ಮುರ್ಮು ಒಡಿಶಾದ ರಾಯರಂಗಪುರದಿಂದ ಎರಡು ಬಾರಿ ಶಾಸಕಿ, ರಾಜ್ಯದಲ್ಲಿ ಸಚಿವೆ, 2015ರಿಂದ 2021ರವರೆಗೆ ಜಾರ್ಖಂಡ್ ರಾಜ್ಯಪಾಲೆ. ವಿದೇಶ ವ್ಯವಹಾರದ ಪಟ್ಟಿಯಲ್ಲಿ ಸಿನ್ಹಾ ಮುಂದಿದ್ದರು. ಸಂತಾಲ ಬುಡಕಟ್ಟಿನ ಮಹಿಳೆಯೊಬ್ಬರು ರಾಷ್ಟ್ರಪತಿ ಭವನ ಪ್ರವೇಶಿಸುವ ಅವಕಾಶ ಮುರ್ಮು ಅವರ ಪರವಾದ ವಾದವಾಗಿತ್ತು. ಕರ್ನಾಟಕದಲ್ಲಿ ಬಿಜೆಪಿಯೊಂದಿಗೆ ಜೆಡಿಎಸ್ ಕೂಡ ಅವರನ್ನು ಬೆಂಬಲಿಸಿತು.

ಹರಿಹರ ಸೀಮೆಯಲ್ಲಿ ಈ ಪ್ರಾತಿನಿಧ್ಯದ ಮಾತಿಗೆ ಬೇರೆಯೇ ತೂಕವಿತ್ತು. ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠವಿದೆ. ಜಿಲ್ಲೆಯ ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ಪರಿಶಿಷ್ಟ ಪಂಗಡದ ಮೀಸಲಾತಿ ಹೆಚ್ಚಿಸಬೇಕೆಂದು ಗುರುಪೀಠದ ಪ್ರಸನ್ನಾನಂದಪುರಿ ಸ್ವಾಮೀಜಿ 2022ರ ಫೆಬ್ರುವರಿಯಿಂದ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕುಳಿತಿದ್ದರು. ಜುಲೈ 18ರಂದು ರಾಷ್ಟ್ರಪತಿ ಚುನಾವಣೆಯ ಮತದಾನ ನಡೆದಾಗಲೂ ಬೇಡಿಕೆ ಈಡೇರಿರಲಿಲ್ಲ. ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಪ್ರಮಾಣವನ್ನು ಶೇ 3ರಿಂದ ಶೇ 7ಕ್ಕೆ ಏರಿಸಿತು. ಪ್ರಾತಿನಿಧ್ಯ ಕೇವಲ ಸಾಂಕೇತಿಕ ಎನ್ನುವವರಿಗೂ, ಸಂಕೇತಕ್ಕೂ ಶಕ್ತಿಯಿದೆ ಎನ್ನುವವರಿಗೂ ಇಲ್ಲಿ ಆಧಾರಗಳಿವೆ. ಆ ಏರಿಕೆಯನ್ನು ತಂದುದು ರಾಷ್ಟ್ರಪತಿ ಭವನವಲ್ಲ, ಬೀದಿಯ ಹೋರಾಟ ಮತ್ತು ವಿಧಾನಸೌಧದ ನಿರ್ಧಾರ ಎಂಬುದೂ ನಿಜ.

ಆ ವೇಳೆ ದಾವಣಗೆರೆ ದಕ್ಷಿಣದಲ್ಲಿ ಶಾಮನೂರು ಶಿವಶಂಕರಪ್ಪ, ಹರಿಹರದಲ್ಲಿ ಎಸ್. ರಾಮಪ್ಪ ಕಾಂಗ್ರೆಸ್ ಶಾಸಕರು. ದಾವಣಗೆರೆ ಉತ್ತರದ ಎಸ್.ಎ. ರವೀಂದ್ರನಾಥ್ ಮತ್ತು ಸಂಸದ ಜಿ.ಎಂ. ಸಿದ್ದೇಶ್ವರ ಬಿಜೆಪಿಯವರು. ಒಂದೇ ಊರಿನ ಎರಡು ಕ್ಷೇತ್ರಗಳನ್ನು ಎರಡು ಪಕ್ಷಗಳು ಪ್ರತಿನಿಧಿಸಿದ್ದವು. ದೇಶದಲ್ಲಿ ಮುರ್ಮು 6,76,803, ಸಿನ್ಹಾ 3,80,177 ಮತಮೌಲ್ಯ ಪಡೆದರು. ಜುಲೈ 25ರಂದು ಮುರ್ಮು ಪ್ರಮಾಣವಚನ ಸ್ವೀಕರಿಸಿದರು.

ಮುಂದಿನ ಲೆಕ್ಕ

ಮತಮೌಲ್ಯಕ್ಕೆ 1971ರ ಅಂಕಿಯನ್ನೇ ಉಳಿಸಿಕೊಂಡುದು ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳಿಗೆ ನಷ್ಟವಾಗಬಾರದೆಂಬ ಕಾರಣಕ್ಕೆ. 1976ರ 42ನೇ ತಿದ್ದುಪಡಿಯಿಂದ ಬಂದ ಈ ವ್ಯವಸ್ಥೆಯನ್ನು 2001ರ 84ನೇ ತಿದ್ದುಪಡಿ ಮುಂದುವರಿಸಿತು. 2026ರ ನಂತರದ ಮೊದಲ ಜನಗಣತಿಯ ಅಂಕಿಅಂಶ ಪ್ರಕಟವಾಗುವವರೆಗೆ ಇದು ಜಾರಿಯಲ್ಲಿರುತ್ತದೆ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಜನಗಣತಿ ನಡೆಸಲು ಕೇಂದ್ರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಮುರ್ಮು ಅವರ ಐದು ವರ್ಷದ ಅವಧಿಯೂ 2027ರ ಜುಲೈಗೆ ಮುಗಿಯುತ್ತದೆ.

ಹೊಸ ಜನಸಂಖ್ಯೆ ಬಳಸಿದರೆ ಏನಾದೀತೆಂಬುದನ್ನು 2011ರ ಜನಗಣತಿಯಿಂದ ಊಹಿಸಬಹುದು. ಶಾಸಕರ ಸಂಖ್ಯೆ ಬದಲಾಗದಿದ್ದರೆ ಕರ್ನಾಟಕದ ಮತಮೌಲ್ಯ 131ರಿಂದ 273ಕ್ಕೆ, ಉತ್ತರ ಪ್ರದೇಶದ್ದು 208ರಿಂದ 496ಕ್ಕೆ ಏರುತ್ತದೆ. ತಮಿಳುನಾಡಿನದು 176ರಿಂದ 308ಕ್ಕೆ, ಬಿಹಾರದ್ದು 173ರಿಂದ 428ಕ್ಕೆ ಏರುತ್ತದೆ. ಹಳೆಯ ಲೆಕ್ಕದಲ್ಲಿ ಉತ್ತರ ಪ್ರದೇಶದ ಐವರು ಶಾಸಕರ ಮತಕ್ಕೆ ಕರ್ನಾಟಕದ ಎಂಟು ಶಾಸಕರ ಮತ ಸಮ. ಹೊಸ ಲೆಕ್ಕದಲ್ಲಿ ಒಂಬತ್ತು ಬೇಕು. ದಾವಣಗೆರೆ ಲೋಕಸಭಾ ಕ್ಷೇತ್ರದ ಎಂಟೂ ಶಾಸಕರು ಒಟ್ಟಾದರೂ ಆಗ ಒಬ್ಬರ ಕೊರತೆ ಬೀಳುತ್ತದೆ.

ಅಭ್ಯರ್ಥಿಯ ಅನುಭವದ ಚರ್ಚೆ ಪ್ರತಿ ಚುನಾವಣೆಗೂ ಹೊಸದಾಗಿ ಆರಂಭವಾಗುತ್ತದೆ. ಮತದ ಮೌಲ್ಯ ಒಮ್ಮೆ ನಿಗದಿಯಾದರೆ ದಶಕಗಳ ಕಾಲ ಉಳಿಯುತ್ತದೆ. ದಾವಣಗೆರೆ, ಹರಿಹರದ ಮತದಾರ ತನ್ನ ಶಾಸಕರನ್ನು ಆರಿಸುವಾಗಲೇ ರಾಷ್ಟ್ರಪತಿಗೂ ಮತ ಹಾಕುತ್ತಿರುತ್ತಾನೆ. ಯಾರನ್ನು ಬೆಂಬಲಿಸುವಿರಿ, ಏಕೆ ಎಂದು ಕೇಳಬೇಕಾದುದೂ ಆ ಶಾಸಕರನ್ನೇ.