ಶಾಲೆಗೂ ಮನೆಗೂ ನಡುವಿನ ಹಾದಿ

ಪರಸ್ಥಳದಲ್ಲಿ ಸಂಸಾರ ಹೂಡಿದವರಿಗೆ ಮಕ್ಕಳ ಶಾಲೆಯ ಚಿಂತೆ ಇಮ್ಮಡಿ. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು, ತರಗತಿಯಲ್ಲಿ ಮತ್ತೊಂದು. ಮಗು ಪಾಠದಲ್ಲಿ ಹಿಂದೆ ಬಿದ್ದರೆ ಅದಕ್ಕೆ ಕಾರಣ ಭಾಷೆಯ ತೊಡಕೋ, ಮನೆಯ ಕಷ್ಟವೋ, ಮನಸ್ಸಿನ ಅಂಜಿಕೆಯೋ ಎಂದು ವಿಚಾರಿಸುವವರು ಯಾರು? ಅಧ್ಯಾಪಕರಿಗೆ ತರಗತಿ ತುಂಬ ಮಕ್ಕಳು. ತಂದೆತಾಯಿಗಳಿಗೆ ದಿನವಿಡೀ ದುಡಿಮೆ. ಇವರಿಬ್ಬರ ನಡುವೆ ಓಡಾಡುವುದನ್ನೇ ಕಾಯಕ ಮಾಡಿಕೊಂಡ ವೃತ್ತಿಯೊಂದಿದೆ. ಅದರ ಮೊದಲ ಹೆಜ್ಜೆಗಳು ಮೂಡಿದ್ದು ವಲಸೆ ಬಂದವರ ಕೇರಿಗಳಲ್ಲಿಯೇ ಎಂಬುದು ನಾವು ಗಮನಿಸಬೇಕಾದ ಸಂಗತಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಟಲಿ, ರಷ್ಯ ಮೊದಲಾದ ದೇಶಗಳಿಂದ ಲಕ್ಷಾಂತರ ಜನ ನ್ಯೂಯಾರ್ಕಿಗೆ ಬಂದಿಳಿದರು. ಕಡ್ಡಾಯ ಶಿಕ್ಷಣದ ಕಾನೂನು ಅವರ ಮಕ್ಕಳನ್ನು ಶಾಲೆಗೆ ಕರೆತಂದಿತು. ಅಲ್ಲಿ ಉಳಿಸಿಕೊಳ್ಳುವುದು ಮಾತ್ರ ಕಾನೂನಿನಿಂದ ಆಗುವ ಕೆಲಸವಾಗಿರಲಿಲ್ಲ. 1906ರಲ್ಲಿ ಹಾರ್ಟ್ಲಿ ಹೌಸ್, ಗ್ರೀನಿಚ್ ಹೌಸ್ ಎಂಬ ಸೇವಾಕೇಂದ್ರಗಳು ಬೇರೊಂದು ದಾರಿ ಹಿಡಿದವು. ಬಡವರ ನಡುವೆಯೇ ನೆಲೆಸಿದ್ದ ಈ ಕೇಂದ್ರಗಳ ಕಾರ್ಯಕರ್ತೆಯರು ಶಾಲೆಗಳೊಡನೆ ಸಂಪರ್ಕ ಬೆಳೆಸಿ, ಮಕ್ಕಳ ಮನೆಬಾಗಿಲಿಗೆ ಹೋಗತೊಡಗಿದರು. ಇವರಿಗೆ ‘ವಿಸಿಟಿಂಗ್ ಟೀಚರ್’ ಎಂದು ಹೆಸರು ಬಂದಿತು. ಗೈರುಹಾಜರಾದ ಮಗುವನ್ನು ಹಿಡಿದು ತರುವುದು ಇವರ ಕೆಲಸವಲ್ಲ. ಗೈರುಹಾಜರಿಯ ಕಾರಣ ತಿಳಿಯುವುದು. ಮನೆಯ ಪರಿಸ್ಥಿತಿಯನ್ನು ಶಾಲೆಗೂ, ಶಾಲೆಯ ನಿರೀಕ್ಷೆಯನ್ನು ಮನೆಗೂ ಇವರು ತಿಳಿಸಿದರು. 1913ರಲ್ಲಿ ರಾಚೆಸ್ಟರ್ ನಗರದ ಶಿಕ್ಷಣ ಮಂಡಲಿಯು ಇಂಥವರನ್ನು ತನ್ನ ವೆಚ್ಚದಲ್ಲೇ ನೇಮಿಸಿಕೊಂಡಿತು. ಸೇವೆ ವೃತ್ತಿಯಾಯಿತು.

ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆ ಬೇಕಾದ ಶಿಕ್ಷಣವೂ ಒಂದು ಕೇರಿಯ ಸೇವಾಕೇಂದ್ರದಲ್ಲಿಯೇ ಆರಂಭವಾಯಿತು. ಅಮೆರಿಕದ ಪಾದ್ರಿ ಕ್ಲಿಫರ್ಡ್ ಮಾನ್ಶಾರ್ಟ್ ಅವರು 1926ರಲ್ಲಿ ಮುಂಬಯಿಯ ನಾಗಪಾಡಾದಲ್ಲಿ ‘ನೇಬರ್‌ಹುಡ್ ಹೌಸ್’ ತೆರೆದರು. ಗಿರಣಿ ಕೆಲಸಗಾರರೂ ಊರು ಬಿಟ್ಟು ಬಂದ ಬಡವರೂ ತುಂಬಿದ್ದ ಪ್ರದೇಶವದು. ದಯೆಯೊಂದೇ ಸಾಲದು, ತರಬೇತಿಯೂ ಬೇಕೆಂಬ ಅವರ ವಿಚಾರಕ್ಕೆ ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ನೆರವಾಯಿತು. 1936ರಲ್ಲಿ ಅದೇ ಕಟ್ಟಡದಲ್ಲಿ 20 ವಿದ್ಯಾರ್ಥಿಗಳೊಡನೆ ಸಮಾಜಕಾರ್ಯದ ಶಾಲೆ ಆರಂಭವಾಯಿತು. ಮರುವರ್ಷವೇ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವೂ ಸೇರಿಕೊಂಡಿತು. 1944ರಲ್ಲಿ ಈ ಶಾಲೆಯೇ ಟಾಟಾ ಸಮಾಜವಿಜ್ಞಾನ ಸಂಸ್ಥೆ ಎಂಬ ಹೆಸರು ಪಡೆಯಿತು. ಕನ್ನಡನಾಡಿನಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಹುಟ್ಟಿತು.

ಸರಕಾರದ ದೃಷ್ಟಿಯೂ ಕ್ರಮೇಣ ಇತ್ತ ಹೊರಳಿತು. ಮಾರ್ಗದರ್ಶನವು ಶಿಕ್ಷಣದ ಅವಿಭಾಜ್ಯ ಅಂಗವೆಂದು ಕೊಠಾರಿ ಆಯೋಗ (1964–66) ಸಾರಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಸರಕಾರಿ ಮತ್ತು ಅನುದಾನಿತ ಶಾಲೆಗಳ ಆಡಳಿತ ಸಮಿತಿಗಳಲ್ಲಿ ಮುಕ್ಕಾಲು ಪಾಲು ಸ್ಥಾನಗಳನ್ನು ಪೋಷಕರಿಗೆ, ಅರ್ಧ ಪಾಲು ಮಹಿಳೆಯರಿಗೆ ಕೊಟ್ಟಿತು. ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳಲು ಆಪ್ತಸಲಹೆಗಾರರು, ತರಬೇತಿ ಪಡೆದ ಸಮಾಜಕಾರ್ಯಕರ್ತರು ಶಾಲೆಗಳೊಡನೆ ದುಡಿಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆದರೆ ಕಾಗದದ ಮೇಲಿನ ಸ್ಥಾನಕ್ಕೆ ಜೀವ ಬರುವುದು, ಸಭೆಗೆ ಬರಲು ಹಿಂಜರಿಯುವ ತಾಯಿಯನ್ನು ಮನೆಗೇ ಹೋಗಿ ಮಾತನಾಡಿಸಿದಾಗ.

ಈ ವೃತ್ತಿಗೆ ಸಿದ್ಧತೆ ಹೇಗೆ? ಪದವಿಯ ನಂತರ ಎರಡು ವರ್ಷದ ಎಂ.ಎಸ್.ಡಬ್ಲ್ಯು. ಒಂದು ದಾರಿ, ಮನಶ್ಶಾಸ್ತ್ರ ಮತ್ತು ಆಪ್ತಸಲಹೆಯ ಅಭ್ಯಾಸ ಇನ್ನೊಂದು. ಸಮಾಜಕಾರ್ಯದ ಶಿಕ್ಷಣದಲ್ಲಿ ಪುಸ್ತಕದಷ್ಟೇ ಮಹತ್ವ ಕ್ಷೇತ್ರಕಾರ್ಯಕ್ಕಿದೆ. ಮನೆಭೇಟಿ, ಕಿವಿಗೊಟ್ಟು ಕೇಳುವುದು, ಕೇಳಿದ್ದನ್ನು ಗುಟ್ಟಾಗಿ ಕಾಪಾಡುವುದು, ಕ್ರಮವಾಗಿ ಬರೆದಿಡುವುದು, ಅಗತ್ಯವಿದ್ದಾಗ ವೈದ್ಯರ ಬಳಿಗೆ ಕಳಿಸುವುದು: ಇವೆಲ್ಲ ಹಿರಿಯರ ಕೈಕೆಳಗೆ ದುಡಿದೇ ಬರಬೇಕಾದ ವಿದ್ಯೆ.

ನಮ್ಮ ಮನೆಗಳಲ್ಲಿ ಮಗ ಇಂಜಿನಿಯರ್, ಮಗಳು ಡಾಕ್ಟರ್ ಆಗಲೆಂಬ ಹಂಬಲ ಸಹಜವೇ. ಆದರೆ ಕನ್ನಡ, ಹಿಂದಿ, ಇಂಗ್ಲಿಷ್ ಜೊತೆಗೆ ನಿಂತ ನೆಲದ ಭಾಷೆಯನ್ನೂ ಆಡುತ್ತ ಬೆಳೆದ ನಮ್ಮ ಮಕ್ಕಳಲ್ಲಿ ಈ ಕೆಲಸಕ್ಕೆ ಬೇಕಾದ ಬಂಡವಾಳ ಆಗಲೇ ಇದೆ. ಹೊಸ ಊರಿನ ಶಾಲೆಯಲ್ಲಿ ಮಾತು ತಿಳಿಯದೆ ಕೂರುವ ಮಗುವಿನ ಪಾಡು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪರೀಕ್ಷೆಯ ಫಲಿತಾಂಶ ಬಂದಾಗ, ಮುಂದೇನೆಂದು ಮನೆಯಲ್ಲಿ ಮಾತು ಎದ್ದಾಗ, ಈ ದಾರಿಯ ಹೆಸರನ್ನೂ ಹಿರಿಯರು ಎತ್ತಲಿ.