ಗಾಜಿನ ನೂಲಿನ ತೈಲಕೋಶ: ಗೃಹನಿರ್ಮಿತ ವಿಮಾನಗಳ ಚರಿತ್ರೆಯಲ್ಲೊಂದು ಪ್ರಕರಣ

ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯನ್ನು ದಾಟಿಸುವ ಹರಿಗೋಲು ಬಹು ಪುರಾತನವಾದ ಶಿಲ್ಪ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಅದರ ಹೊರಮೈಗೆ ಹಿಂದಿನ ಕಾಲದಲ್ಲಿ ತೊಗಲನ್ನೂ, ಈಚೆಗೆ ಟಾರು ಬಳಿದ ಹಾಳೆಯನ್ನೂ ಹೊದಿಸುವುದು ಅದರ ಕ್ರಮ. ಭಾರವನ್ನು ಹೊರುವುದು ಬಿದಿರು. ನೀರನ್ನು ತಡೆಯುವುದು ಹೊದಿಕೆ. ಬೇರೆಬೇರೆಯಾಗಿದ್ದಾಗ ಹೊಳೆಗೆ ನಿಲ್ಲದ ಈ ಎರಡು ವಸ್ತುಗಳು ಕೂಡಿದೊಡನೆ ಹತ್ತು ಜನರನ್ನು ದಡ ಮುಟ್ಟಿಸುತ್ತವೆ. ಇದೇ ತತ್ತ್ವವು ಇಪ್ಪತ್ತನೆಯ ಶತಮಾನದಲ್ಲಿ ಆಕಾಶಕ್ಕೇರಿದ ಬಗೆಯೂ, ಅದರಿಂದೊದಗಿದ ಲಾಭಾಪಾಯಗಳೂ ತಿಳಿಯತಕ್ಕ ವಿಷಯಗಳೇ ಆಗಿವೆ.

ಮೊದಮೊದಲಿನ ವಿಮಾನಗಳ ಮೈ ಮರದ್ದು, ಹೊದಿಕೆ ಬಟ್ಟೆಯದು. ತರುವಾಯ ಅಲ್ಯೂಮಿನಿಯಂ ಬಂದಿತು. ಅಮೆರಿಕಾ ದೇಶದಲ್ಲಿ ೧೯೩೦ರ ದಶಕದಲ್ಲಿ ಗಾಜನ್ನು ಕರಗಿಸಿ ಅತಿ ಸೂಕ್ಷ್ಮವಾದ ಎಳೆಗಳನ್ನಾಗಿ ಸೆಳೆಯುವ ಉದ್ಯಮವು ನೆಲೆಗೊಂಡ ಮೇಲೆ, ಆ ಎಳೆಗಳಿಂದ ಬಟ್ಟೆಯನ್ನೇ ನೇಯುವುದು ಸಾಧ್ಯವಾಯಿತು. ಕೊಳ್ಳೇಗಾಲದ ಮಗ್ಗದಲ್ಲಿ ರೇಷ್ಮೆಗೆ ಹಾಸುಹೊಕ್ಕುಗಳು ಹೇಗೋ ಗಾಜಿನ ನೂಲಿಗೂ ಹಾಗೆಯೇ. ಈ ಬಟ್ಟೆಯನ್ನು ಎಪಾಕ್ಸಿ ಮೊದಲಾದ ಕೃತಕ ರಾಳದಲ್ಲಿ ತೋಯಿಸಿ ಪದರದ ಮೇಲೆ ಪದರವಾಗಿ ಹಾಸಿದರೆ, ರಾಳವು ಗಟ್ಟಿಯಾದ ಬಳಿಕ ಹಗುರವೂ ದೃಢವೂ ಆದ ಹಲಗೆಯಾಗುತ್ತದೆ. ಭಾರ ಹೊರುವುದು ನೂಲು. ಸೋರದಂತೆ ತಡೆಯುವುದು ರಾಳ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನಿರ್ಮಿತವಾಗಿ ೧೯೫೭ರಲ್ಲಿ ಹಾರಿದ ‘ಫೀನಿಕ್ಸ್’ ಎಂಬ ಯಂತ್ರರಹಿತ ವಿಮಾನವು ಇಂತಹ ಪದಾರ್ಥದಿಂದ ರಚಿತವಾದ ತೇಲುವಿಮಾನಗಳಲ್ಲಿ ಮೊದಲನೆಯದು.

ಇತ್ತ ಅಮೆರಿಕಾದಲ್ಲಿ, ತಮ್ಮ ವಿಮಾನವನ್ನು ತಾವೇ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿಕೊಳ್ಳುವ ಹವ್ಯಾಸಿಗಳು ೧೯೫೩ರಲ್ಲಿ ಒಂದು ಸಂಘವನ್ನು ಸ್ಥಾಪಿಸಿದ್ದರು. ಬರ್ಟ್ ರೂಟನ್ ಎಂಬ ಶಿಲ್ಪಿಯು ಇಂತಹವರಿಗಾಗಿ ೧೯೭೫ರಲ್ಲಿ ‘ವೇರಿ-ಈಜ಼ಿ’ಯನ್ನೂ, ೧೯೭೯ರಲ್ಲಿ ‘ಲಾಂಗ್-ಈಜ಼ಿ’ಯನ್ನೂ ಹಾರಿಸಿ, ಅವುಗಳ ನಕ್ಷೆಗಳನ್ನು ಮಾರಿದನು. ಇವುಗಳಿಗೆ ಅಚ್ಚು ಬೇಕಿಲ್ಲ. ನೊರೆಯಂತಹ ಹಗುರವಾದ ತಿರುಳನ್ನು ಕೊಯ್ದು ಆಕಾರ ಕೊಟ್ಟು, ಅದರ ಮೇಲೆ ಗಾಜಿನ ಬಟ್ಟೆಯನ್ನು ಹೊದಿಸಿದರಾಯಿತು. ಲಾಂಗ್-ಈಜ಼ಿಯಲ್ಲಿ ಪೆಟ್ರೋಲನ್ನು ತುಂಬಲು ಬೇರೊಂದು ಪಾತ್ರೆಯಿಲ್ಲ. ರೆಕ್ಕೆಯು ಒಡಲನ್ನು ಸೇರುವ ಬುಡದ ಭಾಗವೇ ಟೊಳ್ಳಾಗಿದ್ದು, ಎಡಬಲಗಳಲ್ಲಿ ಒಟ್ಟು ೨೦೦ ಲೀಟರುಗಳಿಗೆ ಸಮೀಪವಾದ ತೈಲವನ್ನು ಹಿಡಿಯುತ್ತದೆ. ಇದೇ ಮಾರ್ಗವನ್ನು ಪರಮಾವಧಿಗೆ ಒಯ್ದ ‘ವಾಯೇಜರ್’ ವಿಮಾನವು ಹದಿನೇಳು ತೈಲಕೋಶಗಳನ್ನು ಹೊತ್ತು, ೧೯೮೬ನೆಯ ಡಿಸೆಂಬರಿನಲ್ಲಿ ಎಲ್ಲಿಯೂ ಇಳಿಯದೆ, ನಡುವೆ ತೈಲ ತುಂಬಿಸಿಕೊಳ್ಳದೆ ಭೂಮಂಡಲವನ್ನು ಒಂಬತ್ತು ದಿನಗಳಲ್ಲಿ ಸುತ್ತಿಬಂದಿತು.

ಕನ್ನಡನಾಡಿಗೂ ಈ ಚರಿತ್ರೆಗೂ ನೇರವಾದ ಸಂಬಂಧವುಂಟು. ೧೯೪೦ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದರ ಕಾರ್ಖಾನೆಯು ಆರಂಭವಾದಂದಿನಿಂದ ವಿಮಾನಶಿಲ್ಪವು ಇಲ್ಲಿ ಬೇರುಬಿಟ್ಟಿತು. ೧೯೫೯ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಸಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು, ಸಂಯುಕ್ತ ಪದಾರ್ಥಗಳಿಂದ ಸಣ್ಣ ವಿಮಾನಗಳನ್ನು ರಚಿಸುವ ವಿದ್ಯೆಯನ್ನು ಕೈವಶಮಾಡಿಕೊಳ್ಳುವಾಗ ಹವ್ಯಾಸಿಗಳ ಆ ಲಾಂಗ್-ಈಜ಼ಿಯನ್ನೇ ಆಧಾರವಾಗಿಟ್ಟುಕೊಂಡಿತು. ಹೀಗೆ ರೂಪುಗೊಂಡ ಲಘು ಸಂಶೋಧನ ವಿಮಾನವು ೧೯೮೭ರಲ್ಲಿ ಹಾರಿತು. ಸಂಯುಕ್ತ ಪದಾರ್ಥದ ‘ಹಂಸ’ ವಿಮಾನವು ೧೯೯೩ರಲ್ಲಿ ಹಾರಿತು; ಅದರ ಸುಧಾರಿತ ರೂಪಕ್ಕೆ ೨೦೦೦ದಲ್ಲಿ ಅರ್ಹತಾಪತ್ರವು ದೊರೆಯಿತು. ಕೊಟ್ಟಿಗೆಯಲ್ಲಿ ಹುಟ್ಟಿದ ವಿದ್ಯೆಯನ್ನು ಕಲಿಯಲು ಪ್ರಯೋಗಾಲಯವು ಸಂಕೋಚಪಡದಿದ್ದುದು ಸ್ಮರಣೀಯವಾದ ಸಂಗತಿ.

ಇನ್ನು ತೈಲಕೋಶದ ರಚನೆ. ವಿಮಾನದ ಬೇರೆ ಭಾಗಗಳಲ್ಲಿ ಅಲ್ಪ ಲೋಪವು ಅಂದಕ್ಕೆ ಕುಂದು ತಂದೀತು. ಇಲ್ಲಿ ಅದು ಪ್ರಾಣಕ್ಕೇ ಕುಂದು. ರೆಕ್ಕೆಯಲ್ಲಿ ಬಳಸುವ ಪಾಲಿಸ್ಟೈರೀನ್ ತಿರುಳು ಪೆಟ್ರೋಲು ತಾಗಿದರೆ ಕರಗಿಹೋಗುವುದರಿಂದ, ತೈಲಕೋಶದ ಗೋಡೆಗಳಿಗೆ ಕರಗದ ಬೇರೆ ತಿರುಳನ್ನು ಆರಿಸಬೇಕು. ರಾಳದ ಎರಡು ಭಾಗಗಳ ಪ್ರಮಾಣವು ತಪ್ಪಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗದು. ರಾಳವನ್ನು ಮಿತಿಮೀರಿ ಹಿಂಡಿದರೆ ನೂಲುಗಳ ನಡುವೆ ಸೂಜಿಮೊನೆಯಷ್ಟು ರಂಧ್ರಗಳುಳಿಯುತ್ತವೆ. ಆದುದರಿಂದ ಒಳಮೈಗೆ ಬರಿಯ ರಾಳವನ್ನು ಮತ್ತೊಮ್ಮೆ ಬಳಿದು, ಮೂಲೆಗಳನ್ನು ನಾರುಬೆರೆತ ರಾಳದಿಂದ ತುಂಬಿ, ಆಮೇಲೆಯೇ ಮೇಲ್ಮುಚ್ಚಳವನ್ನು ಅಂಟಿಸಬೇಕು. ಒಮ್ಮೆ ಮುಚ್ಚಿದ ಮೇಲೆ ಒಳಗೆ ಕೈಯಾಡಿಸುವಂತಿಲ್ಲ. ತರುವಾಯ ಒಳಗೆ ಅತ್ಯಲ್ಪ ಒತ್ತಡದಿಂದ ಗಾಳಿ ತುಂಬಿ, ಸಂದುಗಳಿಗೆ ಸಾಬೂನು ನೀರನ್ನು ಬಳಿದು ಗುಳ್ಳೆಯೇಳುವುದೇ ಎಂದು ನೋಡುವುದು ರೂಢಿ. ಇಲ್ಲಿ ಆತುರ ಸಲ್ಲದು. ಒತ್ತಡ ಹೆಚ್ಚಿದರೆ ಪರೀಕ್ಷೆಯೇ ಸಂದನ್ನು ಬಿರಿಯಿಸುತ್ತದೆ.

ದುರಸ್ತಿಯು ರಚನೆಗಿಂತಲೂ ಕಠಿಣ. ಸೋರುವ ತೈಲವು ತಿರುಳಿನೊಳಗೆ ಹರಿದು ಬೇರೊಂದೆಡೆಯಲ್ಲಿ ತಲೆದೋರುವುದರಿಂದ, ಕಲೆ ಕಂಡಲ್ಲಿ ರಂಧ್ರವಿರುವುದೆಂದು ನಂಬುವಂತಿಲ್ಲ. ಮೊದಲು ತೈಲವನ್ನು ಬಸಿದು, ಬೆಂಕಿಗೆ ಎಡೆಗೊಡುವ ಆವಿಯು ಪೂರ್ತಿ ಹೋಗುವವರೆಗೆ ಗಾಳಿಯಾಡಿಸಬೇಕು. ಪೆಟ್ರೋಲು ಹೀರಿದ ಮೈಗೆ ಹೊಸ ರಾಳವು ಹತ್ತುವುದಿಲ್ಲವಾದ್ದರಿಂದ, ನೆನೆದ ತಿರುಳನ್ನು ಕತ್ತರಿಸಿ ತೆಗೆದು, ಅಂಚುಗಳನ್ನು ಇಳಿಜಾರಾಗಿ ಉಜ್ಜಿ, ಪದರಗಳನ್ನು ಒಂದೊಂದಾಗಿ ಮತ್ತೆ ಕೂಡಿಸಬೇಕು. ಸಣ್ಣ ರಂಧ್ರವಾದರೆ ಕೋಶದೊಳಗಿನ ಗಾಳಿಯನ್ನು ಮೆಲ್ಲನೆ ಹೀರಿ, ಹೊರಗೆ ಬಳಿದ ರಾಳವು ತಾನಾಗಿ ಒಳಸೇರುವಂತೆ ಮಾಡುವ ಉಪಾಯವೂ ಉಂಟು. ಒಳಗೆ ಲೇಪದ್ರವವನ್ನು ಸುರಿದು ಕುಲುಕುವ ಸುಲಭಮಾರ್ಗವನ್ನು ಅನುಭವಿಗಳು ಮೆಚ್ಚರು. ಆ ಲೇಪವು ಕಾಲಾಂತರದಲ್ಲಿ ಸಿಪ್ಪೆಸಿಪ್ಪೆಯಾಗಿ ಎದ್ದು, ಎಂಜಿನಿನ ಕೊಳವೆಯನ್ನೇ ಕಟ್ಟೀತು.

ಕೋಶವು ಸೋರದಿದ್ದ ಮಾತ್ರಕ್ಕೆ ಹೊಣೆ ತೀರುವುದಿಲ್ಲ. ೧೯೯೭ನೆಯ ಅಕ್ಟೋಬರಿನಲ್ಲಿ ಜಾನ್ ಡೆನ್ವರ್ ಎಂಬ ಪ್ರಸಿದ್ಧ ಗಾಯಕನು ಕ್ಯಾಲಿಫೋರ್ನಿಯಾದ ತೀರದಲ್ಲಿ ಲಾಂಗ್-ಈಜ಼ಿಯನ್ನು ನಡೆಸುತ್ತಿದ್ದಾಗ ಸಮುದ್ರಕ್ಕೆ ಬಿದ್ದು ಮೃತನಾದನು. ಎಡಬಲ ಕೋಶಗಳನ್ನು ಬದಲಿಸುವ ತಿರುಗಣೆಯು ನಕ್ಷೆಯಲ್ಲಿದ್ದ ಎಡೆಯಲ್ಲಿರದೆ ಚಾಲಕನ ಎಡಭುಜದ ಹಿಂದಿದ್ದಿತು. ತೈಲದ ಮಟ್ಟವನ್ನು ತೋರಿಸುವ ಮಾಪಕಗಳಿಗೆ ಗುರುತುಗಳಿರಲಿಲ್ಲ. ಹಿಂದಕ್ಕೆ ತಿರುಗಿ ಅದನ್ನು ಹಿಡಿಯಲೆಳಸಿದಾಗ ವಿಮಾನವು ಹತೋಟಿ ತಪ್ಪಿತೆಂದು ವಿಚಾರಣೆ ನಡೆಸಿದವರು ನಿರ್ಣಯಿಸಿದರು. ಹೊರಡುವ ಮೊದಲಿನ ಸಿದ್ಧತೆ ಸಾಲದಾಗಿದ್ದುದೂ ಅವರ ನಿರ್ಣಯದಲ್ಲಿ ಸೇರಿದೆ. ಕಟ್ಟಿದವನ ಒಂದು ಆಯ್ಕೆಯು, ವರ್ಷಗಳು ಕಳೆದ ಮೇಲೆ, ಮತ್ತೊಬ್ಬನ ಮರಣಕ್ಕೆ ಸಹಕಾರಿಯಾಯಿತು.

ಕಾಲವು ಮತ್ತೊಂದು ತೊಡಕನ್ನೂ ತಂದಿದೆ. ಅಂದಿನ ರಾಳಗಳನ್ನು ಆರಿಸಿದ್ದು ಅಂದಿನ ತೈಲಕ್ಕಾಗಿ. ಭಾರತದಲ್ಲಿ ೨೦೦೩ರಿಂದ ಮೋಟಾರು ಪೆಟ್ರೋಲಿಗೆ ಎಥನಾಲ್ ಎಂಬ ಮದ್ಯಸಾರವನ್ನು ಬೆರೆಸುವ ಯೋಜನೆಯು ಮೊದಲಾಗಿ, ೨೦೨೫ರ ಹೊತ್ತಿಗೆ ಅದರ ಪ್ರಮಾಣವು ನೂರಕ್ಕೆ ೨೦ಕ್ಕೆ ಏರಿತು. ಅನ್ಯದೇಶಗಳಲ್ಲಿಯೂ ಇಂತಹ ಮಿಶ್ರಣವುಂಟು. ರೈತನ ಕಬ್ಬಿಗೂ ಜೋಳಕ್ಕೂ ಬೆಲೆ ತರುವ ಈ ಮದ್ಯಸಾರವು ಕೆಲವು ಹಳೆಯ ರಾಳಗಳನ್ನು ಮೆತ್ತಗಾಗಿಸುತ್ತದೆ. ದಶಕಗಳ ಕಾಲ ತೊಟ್ಟಿಕ್ಕದ ಕೋಶವು, ತುಂಬುವ ತೈಲವು ಬದಲಾದ ಮಾತ್ರಕ್ಕೆ, ಒಳಗಿನಿಂದ ಸಡಿಲವಾಗಬಹುದು. ಆದುದರಿಂದ ವಿವೇಕಿಯಾದವನು ಕೋಶದಲ್ಲಿ ಬಳಸಿದ ರಾಳದ ತುಣುಕೊಂದನ್ನು ಹೊಸ ತೈಲದಲ್ಲಿ ಬಹುದಿನ ನೆನೆಯಿಟ್ಟು ಪರೀಕ್ಷಿಸುವನು.

ಹನೂರಿನ ಹಿಪ್ಪುನೇರಳೆ ತೋಟದಿಂದ ಕೊಳ್ಳೇಗಾಲದ ಮಗ್ಗದವರೆಗೆ ರೇಷ್ಮೆಯು ಸಾಗುವ ದಾರಿಯನ್ನು ಬಲ್ಲವರಿಗೆ, ಒಂದೆಳೆಯ ಲೋಪವು ಇಡೀ ಥಾನನ್ನು ಕೆಡಿಸುವುದೆಂದು ಹೇಳಬೇಕಾಗಿಲ್ಲ. ಹರಿಗೋಲಿನ ಅಂಬಿಗನೂ ಮಳೆಗಾಲಕ್ಕೆ ಮುನ್ನ ಹೊದಿಕೆಯನ್ನು ತಡವಿ ನೋಡದೆ ಹೊಳೆಗಿಳಿಯನು. ಸೀರೆಯ ಲೋಪವನ್ನು ಕೊಳ್ಳುವವರು ಕಣ್ಣಿನಿಂದ ಕಂಡಾರು; ಮುಚ್ಚಿದ ಕೋಶದ ಒಳಮೈಯನ್ನು ಕಂಡವನು ಕಟ್ಟಿದವನೊಬ್ಬನೇ. ಅಲ್ಲಿ ಅವನ ಪ್ರಾಮಾಣಿಕತೆಯೇ, ತಿಂಗಳುಗಳೂ ವರ್ಷಗಳೂ ಕಳೆದ ಮೇಲೂ, ಹಾರುವವನ ಜೀವವನ್ನು ಕಾಯುತ್ತದೆ.